ಎಣ್ಣೆ ಬದಲಿಸಿದರೆ ಸಾಲದು, ಒತ್ತಡವನ್ನೂ ನೋಡಬೇಕು

ಮುಂಬಯಿಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಚಾಲಕನು ಬಾನೆಟ್ಟು ಎತ್ತಿ, ಉದ್ದನೆಯ ಕಡ್ಡಿಯೊಂದನ್ನು ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿ, ಆಮೇಲೆಯೇ ಮೊದಲ ಬಾಡಿಗೆಗೆ ಹೊರಡುತ್ತಿದ್ದನು. ಕುರ್ಲಾದ ಕಾರಖಾನೆಯಲ್ಲಿ ತಯಾರಾದ ಆ ಗಾಡಿಗಳ ಟ್ಯಾಕ್ಸಿ ಆಯುಷ್ಯವು 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಆದರೆ ಆ ಕಡ್ಡಿಯ ಕೆಲಸ ಮುಗಿದಿಲ್ಲ. ನಮ್ಮವರಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ, ಟೆಂಪೋ ಇಟ್ಟವರಿದ್ದಾರೆ, ಸಾಲ ಮಾಡಿ ಹಳೆಯ ಕಾರು ಕೊಂಡ ಗುಮಾಸ್ತರೂ ಇದ್ದಾರೆ. ಎಂಜಿನಿನ ಎಣ್ಣೆಯನ್ನು ತಾವೇ ಬದಲಿಸಿಕೊಂಡರೆ ಕೂಲಿ ಉಳಿಯುತ್ತದೆ. ಆದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಎಂಜಿನೇ ಹೋಗುತ್ತದೆ.

ಎಣ್ಣೆ ಮಾಡುವ ಕೆಲಸ

1883ರಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಒಳಗಿನ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಬಿರಡೆ ಬಡಿದರೆ ಅದನ್ನೂ ಹೊರದೂಡಿತು. ಅಳೆದು ನೋಡಿದಾಗ ಒತ್ತಡವು ಚದರ ಇಂಚಿಗೆ 200 ಪೌಂಡಿಗೂ ಮಿಕ್ಕಿತ್ತು. ತಿರುಗುವ ಅಚ್ಚು ತನ್ನ ಸುತ್ತಿನ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಆ ತೆಳುವಾದ ಪೊರೆಯ ಮೇಲೆ ತೇಲುತ್ತದೆಂಬುದು ಹೀಗೆ ತಿಳಿಯಿತು.

ನಮ್ಮ ಗಾಡಿಯ ಎಂಜಿನಿನಲ್ಲಿಯೂ ಹೀಗೆಯೇ. ತಳದ ತೊಟ್ಟಿಯಲ್ಲಿರುವ ಎಣ್ಣೆಯನ್ನು ಪಂಪು ಹೀರಿ, ಫಿಲ್ಟರಿನ ಮೂಲಕ ಬೇರಿಂಗುಗಳಿಗೆ ದೂಡುತ್ತದೆ. ಆ ಪೂರೈಕೆ ನಿಂತರೆ ಪೊರೆ ಹರಿದು, ಲೋಹವು ಲೋಹವನ್ನು ಉಜ್ಜಿ, ಸ್ವಲ್ಪ ಹೊತ್ತಿನಲ್ಲಿಯೇ ಬೇರಿಂಗು ಕೆಡುತ್ತದೆ. ಕಡ್ಡಿಯು ತೊಟ್ಟಿಯಲ್ಲಿ ಎಣ್ಣೆ ಇದೆಯೆಂದು ಮಾತ್ರ ಹೇಳುತ್ತದೆ. ಅದು ಹೋಗಬೇಕಾದಲ್ಲಿಗೆ ಹೋಗುತ್ತಿದೆಯೇ ಎಂಬುದನ್ನು ಒತ್ತಡವೇ ಹೇಳಬೇಕು.

ಬದಲಿಸುವ ಕ್ರಮ

ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಯಾವುದು ಮೊದಲು ಬರುವುದೋ ಅದನ್ನು ಹಿಡಿಯಬೇಕು. ಮುಂಬಯಿಯಲ್ಲಿ ಕಿಲೋಮೀಟರನ್ನೇ ನಂಬುವಂತಿಲ್ಲ. ಅಂಧೇರಿಯಿಂದ ದಹಿಸರಿನವರೆಗೆ ಗಾಡಿ ತೆವಳುವಾಗ ಚಕ್ರ ತಿರುಗುವುದು ಕಡಿಮೆ, ಎಂಜಿನು ದುಡಿಯುವುದು ಪೂರ್ತಿ. ಹೀಗೆ ಓಡುವ ಗಾಡಿಗೆ ಕೈಪಿಡಿಯೇ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿರಿ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನನ್ನು ಐದಾರು ನಿಮಿಷ ನಡೆಸಿರಿ. ಬೆಚ್ಚಗಾದ ಎಣ್ಣೆ ಕೊಳೆಯೊಡನೆ ಸಲೀಸಾಗಿ ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಎಂಜಿನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತೂರಬಾರದು. ಗಟ್ಟಿಯಾದ ಸ್ಟ್ಯಾಂಡು ಬೇಕೇ ಬೇಕು. ಅಗಲವಾದ ಪಾತ್ರೆಯಿಟ್ಟು ತೊಟ್ಟಿಯ ಬೋಲ್ಟನ್ನು ಬಿಚ್ಚಿ, ಕೊನೆಯ ಹನಿಯವರೆಗೆ ಸೋರಲು ಬಿಡಿರಿ. ಹೊಸ ವಾಷರು ಹಾಕಿ, ಬೋಲ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಪಾನಾದಿಂದ ಬಿಗಿಯಿರಿ. ಅತಿಯಾಗಿ ಬಿಗಿದರೆ ಮರೆ ಹಾಳಾಗುತ್ತದೆ.

ಅನಂತರ ಫಿಲ್ಟರು. ಹಳೆಯದನ್ನು ಬಿಚ್ಚಿದಾಗ ಅದರ ರಬ್ಬರಿನ ಉಂಗುರವೂ ಜೊತೆಗೆ ಬಂದಿದೆಯೇ ನೋಡಿರಿ. ಹೊಸ ಫಿಲ್ಟರಿನ ಉಂಗುರಕ್ಕೆ ತುಸು ಹೊಸ ಎಣ್ಣೆ ಸವರಿ, ಫಿಲ್ಟರಿನ ಮೇಲೆ ಬರೆದಷ್ಟು ಸುತ್ತು ಕೈಯಿಂದಲೇ ಬಿಗಿಯಿರಿ.

ಎಣ್ಣೆಯು ಕೈಪಿಡಿ ಹೇಳಿದ ದರ್ಜೆಯದೇ ಆಗಿರಲಿ. ಡಬ್ಬಿಯ ಮೇಲಿನ 10ಡಬ್ಲ್ಯೂ-30 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿನ ಗುಣವನ್ನೂ ಎರಡನೆಯದು ಬಿಸಿಯಲ್ಲಿನ ಮಂದತನವನ್ನೂ ಸೂಚಿಸುತ್ತದೆ. ಎಣ್ಣೆ ದಪ್ಪವಾದಷ್ಟೂ ಒಳ್ಳೆಯದೆಂಬುದು ತಪ್ಪು. ಅದರಿಂದ ಒತ್ತಡದ ಅಂಕಿ ಏರಬಹುದು, ಆದರೆ ಎಣ್ಣೆ ಬೇರಿಂಗಿಗೆ ತಡವಾಗಿ ತಲಪುತ್ತದೆ. ಕೈಪಿಡಿಯ ಅಳತೆಗಿಂತ ಸ್ವಲ್ಪ ಕಡಿಮೆ ಸುರಿದು, ಕಡ್ಡಿ ನೋಡುತ್ತ ತುಂಬಿರಿ. ಮೋಟಾರುಸೈಕಲ್ಲಿಗೆ ಕಾರಿನ ಎಣ್ಣೆ ಹಾಕಬೇಡಿ. ಹೆಚ್ಚಿನವುಗಳಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಅದು ಜಾರತೊಡಗುತ್ತದೆ.

ಕೆಂಪು ದೀಪದ ಪರೀಕ್ಷೆ

ಈಗ ಎಂಜಿನು ಸುರು ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿರಿ. ಎಣ್ಣೆಯ ಕುಡಿಕೆಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಳ್ಳಬೇಕು. ಹೊತ್ತದಿದ್ದರೆ ದೀಪವೋ ತಂತಿಯೋ ಕೆಟ್ಟಿದೆ. ಅದನ್ನು ಸರಿಪಡಿಸದೆ ಪರೀಕ್ಷೆಗೆ ಅರ್ಥವಿಲ್ಲ. ಬಳಿಕ ಎಂಜಿನು ಸುರು ಮಾಡಿ, ಆಕ್ಸಿಲರೇಟರು ತುಳಿಯದೆ ಎಣಿಸಿರಿ. ಹೊಸ ಫಿಲ್ಟರು ತುಂಬಬೇಕಾದ್ದರಿಂದ ನಾಲ್ಕೈದು ಸೆಕೆಂಡು ಹಿಡಿಯಬಹುದು. ಹತ್ತು ಎಣಿಸುವುದರೊಳಗೆ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಿ ಕಾರಣ ಹುಡುಕಿರಿ.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಮೊದಲ ಸಲ ಎಣ್ಣೆ ಬದಲಿಸಿದ ಭಾನುವಾರ ದೀಪವೇನೋ ಆರಿತು. ಹಿಗ್ಗಿನಿಂದ ಆಕ್ಸಿಲರೇಟರು ತುಳಿದೆ. ಪಕ್ಕದ ಬಿಲ್ಡಿಂಗಿನ ಟ್ಯಾಕ್ಸಿ ಚಾಲಕರು, ಪುತ್ತೂರು ಕಡೆಯವರು, “ಬಂದ್ ಮಾಡಿ ಮಾರಾಯ್ರೇ, ಎಣ್ಣೆ ಪೂರಾ ನೆಲಕ್ಕೆ ಹೋಯ್ತು!” ಎಂದು ಕೂಗಿದರು. ಹಳೆಯ ಫಿಲ್ಟರಿನ ಉಂಗುರವು ಎಂಜಿನಿಗೇ ಅಂಟಿಕೊಂಡಿತ್ತು. ಅದರ ಮೇಲೆಯೇ ಹೊಸದನ್ನು ಬಿಗಿದಿದ್ದೆ. ಒತ್ತಡ ಏರಿದೊಡನೆ ಎರಡು ಉಂಗುರಗಳ ನಡುವಿನಿಂದ ಎಣ್ಣೆ ಚಿಮ್ಮಿತ್ತು. ತೊಟ್ಟಿ ಬರಿದಾಗಿ ಪಂಪು ಗಾಳಿ ಹೀರುವವರೆಗೆ ದೀಪ ಏನನ್ನೂ ಹೇಳುತ್ತಿರಲಿಲ್ಲ. ಅಷ್ಟರಲ್ಲಿ ನಾನು ಹೆದ್ದಾರಿಯಲ್ಲಿರುತ್ತಿದ್ದೆ. ಆದುದರಿಂದ ದೀಪ ಆರಿದ ಮೇಲೆ ಇಳಿದು, ಗಾಡಿಯ ಕೆಳಗೆ ಬಗ್ಗಿ ನೋಡಲೇಬೇಕು. ಎಂಜಿನು ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಕಡ್ಡಿ ನೋಡಿರಿ. ಫಿಲ್ಟರು ಕುಡಿದಷ್ಟನ್ನು ಆಗ ತುಂಬಬೇಕು.

ದೀಪಕ್ಕೂ ಒಂದು ಮಿತಿಯಿದೆ. ಒತ್ತಡವು ತೀರ ಕೆಳಕ್ಕೆ ಇಳಿದಾಗ ಮಾತ್ರ ಅದು ಹೊತ್ತುತ್ತದೆ. ಹಳೆಯ ಗಾಡಿಯ ನಿಜಸ್ಥಿತಿ ತಿಳಿಯಬೇಕಾದರೆ, ಒತ್ತಡದ ಸ್ವಿಚ್ಚು ಬಿಚ್ಚಿ ಅಲ್ಲಿ ಗೇಜು ಕೂಡಿಸಿ ಅಳೆಯಬೇಕು. ಇದನ್ನು ಮೆಕ್ಯಾನಿಕನಿಂದ ಮಾಡಿಸಬಹುದು. ಎಂಜಿನು ಪೂರ್ತಿ ಬಿಸಿಯಾದ ಮೇಲಿನ ಅಂಕಿಯೇ ಲೆಕ್ಕಕ್ಕೆ ಬರುತ್ತದೆ. ತಣ್ಣಗಿನ ಎಣ್ಣೆ ಮಂದವಾದ್ದರಿಂದ ಹೆಚ್ಚು ತೋರಿಸುತ್ತದೆ. ಮಿನಿಟಿಗೆ ಸಾವಿರ ಸುತ್ತಿಗೆ ಚದರ ಇಂಚಿಗೆ ಸುಮಾರು 10 ಪೌಂಡು ಎಂಬುದು ಮೆಕ್ಯಾನಿಕರ ಹಳೆಯ ಲೆಕ್ಕ, ಆದರೆ ಕೈಪಿಡಿಯ ಅಂಕಿಯೇ ಪ್ರಮಾಣ. ಎಣ್ಣೆ ಸರಿಯಿದ್ದೂ ಒತ್ತಡ ಕಡಿಮೆಯಿದ್ದರೆ ಬೇರಿಂಗು ಸವೆದಿರಬಹುದು, ಪಂಪಿನ ಜಾಲರಿ ಕಟ್ಟಿರಬಹುದು.

ಮಳೆಗಾಲ ಮತ್ತು ಹಳೆಯ ಎಣ್ಣೆ

2005ರ ಜುಲೈ 26ರ ಮಳೆಯಲ್ಲಿ, ಸಾಂತಾಕ್ರೂಜಿನಲ್ಲಿ 24 ತಾಸಿಗೆ 944 ಮಿಲಿಮೀಟರು ಸುರಿದಾಗ, ಲೆಕ್ಕವಿಲ್ಲದಷ್ಟು ಗಾಡಿಗಳು ಮುಳುಗಿದವು. ನೀರಿನಲ್ಲಿ ನಿಂತ ಗಾಡಿಯ ಕೀಲಿ ತಿರುಗಿಸಬೇಡಿ. ಮೊದಲು ಕಡ್ಡಿ ಎಳೆದು ನೋಡಿರಿ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಂಥ ಎಣ್ಣೆ ಪೊರೆಯನ್ನು ಹಿಡಿದಿಡಲಾರದು. ಗಾಡಿಯನ್ನು ಎಳೆಸಿಕೊಂಡು ಹೋಗುವ ಖರ್ಚೇ ಆಗ ಅಗ್ಗ.

ತೆಗೆದ ಎಣ್ಣೆಯನ್ನು ಗಟಾರಕ್ಕೆ ಸುರಿಯುವುದು ತಪ್ಪು. ಅದು ನಾಲೆ ಹಿಡಿದು ಕಡಲಿಗೆ ಹೋಗುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೂಡಿಡುವ ಸರ್ವಿಸ್ ಸ್ಟೇಷನ್ನಿಗೆ ಕೊಡಿರಿ. ಚರ್ಮಕ್ಕೂ ಅದು ಕೆಡುಕು. ಕೈಗವಸು ಹಾಕಿ ಕೆಲಸ ಮಾಡಿ, ಬಳಿಕ ಸಾಬೂನಿನಿಂದ ಕೈ ತೊಳೆಯಿರಿ.

ಕೊನೆಗೆ, ಸಣ್ಣ ವಹಿಯೊಂದರಲ್ಲಿ ತಾರೀಖು, ಕಿಲೋಮೀಟರು, ಎಣ್ಣೆಯ ದರ್ಜೆ, ದೀಪ ಆರಲು ಹಿಡಿದ ಸೆಕೆಂಡು, ಇಷ್ಟನ್ನು ಬರೆದಿಡಿರಿ. ಮುಂದಿನ ಸಲ ಆ ಸೆಕೆಂಡು ಹೆಚ್ಚಾಗಿದ್ದರೆ, ಎಂಜಿನನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.