ವಾಹನದ ಸಂಖ್ಯಾಫಲಕ: ಕೊನೆಯ ಟ್ರೇಲರಿನ ಹಿಂದೆಯೂ ಕಾಣಬೇಕಾದ ಗುರುತು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಹಗಲು ರಾತ್ರಿ ರಸ್ತೆಯ ಮೇಲಿರುತ್ತವೆ. ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಾಣುವುದು ಕಬ್ಬಿನ ಹೊರೆ ಮಾತ್ರ. ಟ್ರ್ಯಾಕ್ಟರಿನ ನೋಂದಣಿ ಸಂಖ್ಯೆ ಎರಡು ಟ್ರೇಲರುಗಳಾಚೆ ಮುಂದೆಲ್ಲೋ ಇರುತ್ತದೆ. ಇಂಥ ವಾಹನ ಕತ್ತಲಲ್ಲಿ ಯಾರಿಗಾದರೂ ತಾಗಿ ಮುಂದೆ ಸಾಗಿಹೋದರೆ, ಬಿದ್ದವನನ್ನು ಎತ್ತಲು ಓಡಿಬಂದವರು ಪೊಲೀಸರಿಗೆ ಹೇಳಬಹುದಾದದ್ದು ‘ಕಬ್ಬಿನ ಟ್ರ್ಯಾಕ್ಟರ್’ ಎಂಬಷ್ಟೇ ಮಾತು. ಆ ಹಂಗಾಮಿನಲ್ಲಿ ಅದು ಯಾವ ಗುರುತೂ ಅಲ್ಲ.

ಗುರುತು ಸಿಗದಿದ್ದರೆ ನೊಂದ ಕುಟುಂಬಕ್ಕೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿಯೇ ಹೇಳಬಹುದು. ಢಿಕ್ಕಿ ಹೊಡೆದು ಪರಾರಿಯಾದ ವಾಹನ ಯಾವುದೆಂದು ಪತ್ತೆಯಾಗದಿದ್ದಲ್ಲಿ, ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 161ರ ಅಡಿಯಲ್ಲಿ ದಿನಾಂಕ 1-4-2022ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ನಿಶ್ಚಿತ ಪರಿಹಾರ ಲಭ್ಯವಿದೆ. ವಾಹನ ಪತ್ತೆಯಾದಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಕಲಂ 164ರಂತೆ ಮಾಲೀಕ ಅಥವಾ ವಿಮಾ ಕಂಪನಿಯಿಂದ ಮರಣಕ್ಕೆ 5 ಲಕ್ಷ ರೂ., ತೀವ್ರ ಗಾಯಕ್ಕೆ 2.5 ಲಕ್ಷ ರೂ. ಪಡೆಯಬಹುದು. ಅದಕ್ಕೂ ಹೆಚ್ಚಿನದನ್ನು ಕೋರುವವರು ಕಲಂ 166ರಂತೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಮೃತನ ವಯಸ್ಸು, ಆದಾಯ ಮತ್ತು ಅವಲಂಬಿತರನ್ನು ಪರಿಗಣಿಸಿ ಮೊತ್ತ ನಿರ್ಧಾರವಾಗುತ್ತದೆ. ದುಡಿಯುವ ವಯಸ್ಸಿನ ಕೂಲಿಕಾರನ ಮನೆಯವರಿಗೆ ಈ ಎರಡು ದಾರಿಗಳ ನಡುವಿನ ಅಂತರ ಬಹಳ ದೊಡ್ಡದು. ಅದನ್ನು ತೀರ್ಮಾನಿಸುವುದು ಹಲವು ಬಾರಿ ಒಂದು ತಗಡಿನ ಫಲಕ.

ಕಾನೂನು ಈ ಸಂಗತಿಯನ್ನು ಮರೆತಿಲ್ಲ. ಅಧಿನಿಯಮದ ಕಲಂ 61ರ ಪ್ರಕಾರ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಅದರ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಪ್ರದರ್ಶಿಸಬೇಕು. ಅಷ್ಟೇ ಅಲ್ಲ, ಎಳೆಯುವ ವಾಹನದ, ಅಂದರೆ ಟ್ರ್ಯಾಕ್ಟರಿನ, ನೋಂದಣಿ ಸಂಖ್ಯೆಯು ಟ್ರೇಲರಿನ ಮೇಲೆ, ಒಂದಕ್ಕಿಂತ ಹೆಚ್ಚು ಟ್ರೇಲರುಗಳಿದ್ದಲ್ಲಿ ಕೊನೆಯ ಟ್ರೇಲರಿನ ಮೇಲೆ ಇರದೆ ಅಂಥ ವಾಹನವನ್ನು ಚಲಾಯಿಸುವಂತಿಲ್ಲ. ಹಂಗಾಮಿನಲ್ಲಿ ಟ್ರೇಲರುಗಳು ಒಬ್ಬರಿಂದೊಬ್ಬರಿಗೆ ಕೈ ಬದಲಾಗುವುದರಿಂದ ಈ ನಿಯಮವೇ ಹೆಚ್ಚಾಗಿ ಪಾಲನೆಯಾಗದೆ ಉಳಿಯುತ್ತದೆ. ಟ್ರೇಲರ್ ಬದಲಾದಾಗ ಫಲಕವೂ ಬದಲಾಗಬೇಕೆಂಬುದನ್ನು ಟ್ರ್ಯಾಕ್ಟರ್ ಮಾಲೀಕರಿಗೆ ತಿಳಿಸಬೇಕಾಗಿದೆ.

ಫಲಕ ಹೇಗಿರಬೇಕೆಂಬುದನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 50 ಮತ್ತು 51 ತಿಳಿಸುತ್ತವೆ. ಬೈಲಹೊಂಗಲ ಸಾರಿಗೆ ಕಚೇರಿಯ ಸಂಕೇತ ಕೆಎ 24. ಆ ಬಳಿಕ ಸರಣಿಯ ಅಕ್ಷರಗಳು, ಕೊನೆಗೆ ಗರಿಷ್ಠ 9999ರವರೆಗಿನ ಸಂಖ್ಯೆ. ಸ್ವಂತ ಬಳಕೆಯ ವಾಹನಕ್ಕೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ, ಬಾಡಿಗೆ ಮತ್ತು ಸಾಗಾಣಿಕೆ ವಾಹನಕ್ಕೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ, ವಿದ್ಯುತ್ ಚಾಲಿತ ವಾಹನಕ್ಕೆ ಹಸಿರು ಹಿನ್ನೆಲೆ. ಕಾರು, ಲಾರಿ ಮೊದಲಾದವುಗಳಲ್ಲಿ ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ., ನಡುವಿನ ಅಂತರ 10 ಮಿ.ಮೀ. ಇರಬೇಕು. ಬೈಕಿನ ಹಿಂಬದಿಯಲ್ಲಿ ಅಕ್ಷರಗಳಿಗೆ 35 ಮಿ.ಮೀ., ಅಂಕಿಗಳಿಗೆ 40 ಮಿ.ಮೀ. ಎತ್ತರ ನಿಗದಿಯಾಗಿದೆ. ರಾತ್ರಿ ವೇಳೆ ಹಿಂದಿನ ಸಂಖ್ಯೆ 15 ಮೀಟರ್ ದೂರದಿಂದ ಓದುವಂತೆ ಬಿಳಿ ದೀಪದ ಬೆಳಕಿರಬೇಕು.

ಮೆಚ್ಚಿನ ಸಂಖ್ಯೆಯನ್ನು ಪಡೆಯುವುದು ತಪ್ಪಲ್ಲ. ನಿಗದಿತ ಹೆಚ್ಚುವರಿ ಶುಲ್ಕ ಕಟ್ಟಿ ಅಥವಾ ಹರಾಜಿನಲ್ಲಿ ಭಾಗವಹಿಸಿ ಅದನ್ನು ಪಡೆಯಬಹುದು. ಬ್ರಿಟನ್ನಿನಲ್ಲಿ ಅಲ್ಲಿನ ವಾಹನ ಪರವಾನಗಿ ಸಂಸ್ಥೆಯೇ 1989ರಿಂದ ಹೆಸರನ್ನು ಹೋಲುವ ಸಂಖ್ಯೆಗಳನ್ನು ಮಾರುತ್ತಿದೆ. ಆದರೂ ಅಕ್ಷರದ ರೂಪ, ಅಂತರಗಳನ್ನು ಬದಲಿಸಲು ಅಲ್ಲಿಯೂ ಅವಕಾಶವಿಲ್ಲ. ಇಲ್ಲಿ ನಡೆಯುವುದು ಬೇರೆ. 8055 ಎಂಬುದನ್ನು ‘ಬಾಸ್’ ಎಂದು ಇಂಗ್ಲಿಷಿನಲ್ಲಿ ಓದುವಂತೆ, 4141 ಎಂಬುದನ್ನು ನಾಗರಿ ಲಿಪಿಯ ‘ದಾದಾ’ ಎಂದು ಓದುವಂತೆ ಅಂಕಿಗಳನ್ನು ತಿರುಚಿ ಬರೆಸಲಾಗುತ್ತದೆ. ಸಂಖ್ಯೆ ಕಾನೂನುಬದ್ಧವಾಗಿದ್ದರೂ ಫಲಕ ಕಾನೂನುಬಾಹಿರವಾಗುತ್ತದೆ. ಅಪಘಾತದ ಗಾಬರಿಯಲ್ಲಿ ನೋಡಿದವನು ‘ದಾದಾ’ ಎಂದಷ್ಟೇ ನೆನಪಿಟ್ಟುಕೊಂಡರೆ ತನಿಖಾಧಿಕಾರಿಗೆ ಅದರಿಂದ ಪ್ರಯೋಜನವಿಲ್ಲ.

ಕನ್ನಡ ಅಂಕಿಗಳ ಫಲಕದ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದುದು. ಗಡಿ ಜಿಲ್ಲೆಯಲ್ಲಿ ಅದರ ಹಿಂದಿರುವುದು ಭಾಷಾಭಿಮಾನವೇ ಹೊರತು ವಂಚನೆಯ ಉದ್ದೇಶವಲ್ಲ. ಆದರೆ ನೋಂದಣಿ ಗುರುತು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳಲ್ಲಿರಬೇಕೆಂದು ನಿಯಮ 50 ಸ್ಪಷ್ಟಪಡಿಸಿದೆ. ಕಿತ್ತೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಇಲ್ಲಿಯ ವಾಹನಗಳು ಕೊಲ್ಲಾಪುರ, ಪುಣೆಗಳಿಗೂ ಹೋಗುತ್ತವೆ. ಅಲ್ಲಿಯ ಪೊಲೀಸರೂ, ರಸ್ತೆಯ ಕ್ಯಾಮೆರಾಗಳೂ ಆ ಸಂಖ್ಯೆಯನ್ನು ಓದಬೇಕು.

ಇನ್ನು ಸದಸ್ಯರಿಗೇ ನೇರವಾಗಿ ಸಂಬಂಧಿಸಿದ ವಿಷಯ. ‘ಗ್ರಾಮ ಪಂಚಾಯತಿ ಅಧ್ಯಕ್ಷರು’, ‘ಸದಸ್ಯರು’ ಎಂಬ ಬರಹವನ್ನು ಸಂಖ್ಯಾಫಲಕದ ಮೇಲೆ ಹಾಕಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಸಂಘಟನೆ, ಪಕ್ಷ, ಜಾತಿ, ದೇವರ ಹೆಸರುಗಳಿಗೂ ಇದೇ ಅನ್ವಯಿಸುತ್ತದೆ. ಸ್ವಂತ ವಾಹನದ ಮೇಲೆ ರಾಷ್ಟ್ರ ಲಾಂಛನ ಅಂಟಿಸುವುದು ಇನ್ನೂ ಗಂಭೀರ: 2005ರ ಲಾಂಛನ ದುರ್ಬಳಕೆ ನಿಷೇಧ ಅಧಿನಿಯಮದಡಿ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ 5,000 ರೂ.ವರೆಗೆ ದಂಡ ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ. 1-5-2017ರಿಂದ ಮಂತ್ರಿಗಳ ಕಾರಿನ ಮೇಲಿನ ಕೆಂಪು ದೀಪವೇ ಇಳಿದಿರುವಾಗ ಪಂಚಾಯತಿ ಸದಸ್ಯರ ಬೈಕಿನ ಫಲಕಕ್ಕೆ ವಿನಾಯಿತಿ ನಿರೀಕ್ಷಿಸುವುದು ಸರಿಯಲ್ಲ. ಊರಿನ ಯುವಕರು ತಮ್ಮ ಫಲಕಗಳನ್ನು ಅಲಂಕರಿಸುವಾಗ ಮೊದಲು ನೋಡುವುದು ಮುಖಂಡರ ವಾಹನವನ್ನೇ.

1-4-2019ರಿಂದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕದೊಂದಿಗೇ ಬರುತ್ತಿವೆ. ಅದಕ್ಕೂ ಮೊದಲು ನೋಂದಣಿಯಾದವುಗಳಿಗೆ ಈ ಫಲಕ ಅಳವಡಿಸುವಂತೆ ರಾಜ್ಯ ಸರಕಾರ ಆಗಸ್ಟ್ 2023ರಲ್ಲಿ ಅಧಿಸೂಚನೆ ಹೊರಡಿಸಿ, ಗಡುವನ್ನು ಹಲವು ಬಾರಿ ವಿಸ್ತರಿಸಿತು. ಅಲ್ಯೂಮಿನಿಯಂ ತಗಡು, ಅಶೋಕ ಚಕ್ರದ ಹಾಲೋಗ್ರಾಂ, ಲೇಸರಿನಿಂದ ಕೊರೆದ ಪ್ರತ್ಯೇಕ ಕ್ರಮಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ತೆಗೆಯಲಾಗದ ಕೀಲು ಇದರ ಲಕ್ಷಣಗಳು. ರಸ್ತೆಬದಿಯ ಅಂಗಡಿಗಳಲ್ಲಿ ಮಾಡಿಸಿದ ಇದೇ ಬಗೆಯ ಫಲಕ ಮಾನ್ಯವಲ್ಲ. ಸಾರಿಗೆ ಇಲಾಖೆಯ ಜಾಲತಾಣದ ಮೂಲಕವೇ ಅರ್ಜಿ ಸಲ್ಲಿಸಬೇಕು. ಅದಕ್ಕೆ ಚಾಸಿ ಮತ್ತು ಎಂಜಿನ್ ಸಂಖ್ಯೆ ಬೇಕಾಗುತ್ತವೆ. ಹಳ್ಳಿಗಳಲ್ಲಿ ಅನೇಕರು ಇಲ್ಲಿಯೇ ಎಡವುತ್ತಾರೆ: ಮೂರನೆಯ ಕೈಯಿಂದ ಕೊಂಡ ಬೈಕಿನ ನೋಂದಣಿ ಪತ್ರ ಇನ್ನೂ ಮೊದಲ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಅಂಥವರು ಮೊದಲು ಮಾಲೀಕತ್ವ ವರ್ಗಾಯಿಸಿಕೊಳ್ಳುವುದು ಒಳಿತು. ಇಲ್ಲವಾದಲ್ಲಿ ಅಪಘಾತವಾದಾಗ ನೋಟೀಸು ವಾಹನವನ್ನು ಎಂದೋ ಮಾರಿದವನ ಮನೆಗೆ ಹೋಗುತ್ತದೆ. ಫಲಕದ ನಿಯಮ ಉಲ್ಲಂಘನೆಗೆ ಕಲಂ 177ರಂತೆ ಮೊದಲ ಬಾರಿ 500 ರೂ.ವರೆಗೆ, ನಂತರ 1,500 ರೂ.ವರೆಗೆ ದಂಡವಿದೆ.

ದಂಡ ವಿಧಿಸುವ ಅಧಿಕಾರ ಸಾರಿಗೆ ಮತ್ತು ಪೊಲೀಸ್ ಇಲಾಖೆಗಳದ್ದು, ಗ್ರಾಮ ಪಂಚಾಯತಿಯದ್ದಲ್ಲ. ಆದರೆ ಕಸ ಸಾಗಿಸುವ ಸ್ವಚ್ಛ ವಾಹಿನಿ, ನೀರಿನ ಟ್ಯಾಂಕರ್ ಮುಂತಾದ ಪಂಚಾಯತಿಯ ಸ್ವಂತ ವಾಹನಗಳ ಫಲಕ ಸರಿಯಿದೆಯೇ ಎಂದು ನೋಡುವುದು ಪಂಚಾಯತಿಯ ಹೊಣೆಯೇ. ಹಂಗಾಮಿಗೆ ಮೊದಲಿನ ಗ್ರಾಮಸಭೆಯಲ್ಲಿ ಟ್ರ್ಯಾಕ್ಟರ್ ಮಾಲೀಕರನ್ನು ಕರೆದು ಕಲಂ 61ರ ವಿಷಯ ತಿಳಿಸಬಹುದು. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಟ್ರೇಲರುಗಳಲ್ಲಿ ಹೊರಡುವವರಿಗೂ ಇದು ಅನ್ವಯಿಸುತ್ತದೆ. ವಾಹನ ಪತ್ತೆಯಾಗದ ಅಪಘಾತದಲ್ಲಿ ನೊಂದ ಕುಟುಂಬವಿದ್ದಲ್ಲಿ, ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಹಂತದ ಪರಿಹಾರ ವಿಚಾರಣಾಧಿಕಾರಿಗೆ ನಮೂನೆ 1ರಲ್ಲಿ ಅರ್ಜಿ ಸಲ್ಲಿಸಲು ಆ ವಾರ್ಡಿನ ಸದಸ್ಯರು ನೆರವಾಗತಕ್ಕದ್ದು.