ಬೆವರಿನ ಮಜ್ಜನ: ಫಿನ್ಲೆಂಡಿನ ಸಾರ್ವಜನಿಕ ಸೌನಾಗಳು

ಶ್ರೀಮಠದ ಅನೇಕ ಸದ್ಭಕ್ತರ ಮಕ್ಕಳು ಇಂದು ಉದ್ಯೋಗ, ವ್ಯಾಸಂಗಗಳ ನಿಮಿತ್ತ ಉತ್ತರ ಯುರೋಪಿನ ದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಂಡು ನಾಲ್ಕಾರು ವಾರ ಇದ್ದು ಬರುವ ತಂದೆತಾಯಂದಿರೂ ಹೆಚ್ಚುತ್ತಿದ್ದಾರೆ. ಅವರಲ್ಲಿ ಫಿನ್ಲೆಂಡಿಗೆ ಹೋದವರಿಗೆ ಬೇಗನೆ ಬರುವ ಆಮಂತ್ರಣವೆಂದರೆ ಸೌನಾ ಸ್ನಾನದ್ದು. ಅಲ್ಲಿಯವರಿಗೆ ಅದು ಅತಿಥಿಸತ್ಕಾರದ ಒಂದು ಭಾಗ. ನಾವು ದಂಪತಿಗಳು ಮಗನ ಮನೆಗೆಂದು ಹೆಲ್ಸಿಂಕಿಗೆ ಹೋದಾಗ ಈ ಆಮಂತ್ರಣವನ್ನು ಸಂತೋಷದಿಂದಲೇ ಒಪ್ಪಿಕೊಂಡೆವು. ಆದರೆ ತಿಳಿದುಕೊಳ್ಳಬೇಕಾದುದನ್ನು ಮೊದಲೇ ತಿಳಿದುಕೊಳ್ಳದೆ ಹೋದೆವು. ಅದರಿಂದ ಒದಗಿದ ಸಣ್ಣ ಅಪಾಯವೇ ಈ ಲೇಖನಕ್ಕೆ ಪ್ರೇರಣೆ. ಮುಂದೆ ಹೋಗುವವರು ತಿಳಿದು ಹೋಗಲಿ ಎಂಬುದು ನಮ್ಮ ಆಶಯ.

ಸೌನಾ ಎಂದರೇನು?

ಸೌನಾ ಎಂಬುದು ಒಳಭಾಗಕ್ಕೆಲ್ಲ ಮರದ ಹಲಗೆ ಹೊದಿಸಿದ ಒಂದು ಬಿಸಿಕೋಣೆ. ಅದರ ಮೂಲೆಯಲ್ಲಿ ಒಂದು ಒಲೆ, ಒಲೆಯ ಮೇಲೆ ಕಲ್ಲುಗಳ ರಾಶಿ. ಈ ಒಲೆಗೆ ಅವರು 'ಕಿಯುವಸ್' ಎನ್ನುತ್ತಾರೆ. ಗೋಡೆಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಮರದ ಹಾಸುಗಳಿರುತ್ತವೆ. ಕೋಣೆಯ ಉಷ್ಣತೆ ಸಾಮಾನ್ಯವಾಗಿ ೮೦ರಿಂದ ೧೦೦ ಡಿಗ್ರಿ ಸೆಲ್ಸಿಯಸ್. ಬಿಸಿಗಾಳಿ ಮೇಲಕ್ಕೇರುವುದರಿಂದ ಮೇಲಿನ ಮೆಟ್ಟಿಲಿನಲ್ಲಿ ಶಾಖ ಅಧಿಕ, ಕೆಳಗಿನದರಲ್ಲಿ ಕಡಿಮೆ.

ತೊಂಬತ್ತು ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಚರ್ಮ ಸುಟ್ಟುಹೋಗುತ್ತದೆ. ಅಷ್ಟೇ ಬಿಸಿಯ ಗಾಳಿಯಲ್ಲಿ ಮನುಷ್ಯನು ಕುಳಿತಿರುವುದು ಹೇಗೆ ಎಂದು ಓದುಗರು ಕೇಳಬಹುದು. ಒಣಗಾಳಿಯು ಶಾಖವನ್ನು ನೀರಿನಷ್ಟು ವೇಗವಾಗಿ ದೇಹಕ್ಕೆ ದಾಟಿಸಲಾರದು. ಅದರ ಜೊತೆಗೆ ಮೈಯಿಂದ ಹೊರಟ ಬೆವರು ಆವಿಯಾಗುತ್ತಾ ಚರ್ಮವನ್ನು ತಂಪಾಗಿರಿಸುತ್ತದೆ. ಮರವೂ ಶಾಖವನ್ನು ನಿಧಾನವಾಗಿ ಸಾಗಿಸುವ ವಸ್ತುವಾದ್ದರಿಂದ ಹಾಸಿನ ಮೇಲೆ ಕುಳಿತುಕೊಳ್ಳಲು ಸಾಧ್ಯವಾಗುತ್ತದೆ. ಆಗಾಗ ಒಬ್ಬರು ಎದ್ದು ಮರದ ಸೌಟಿನಿಂದ ಕಾದ ಕಲ್ಲುಗಳ ಮೇಲೆ ನೀರು ಹಾಕುತ್ತಾರೆ. ಆಗ ಏಳುವ ಹಬೆಯು ಮೈಗೆ ತಗುಲಿ ಹನಿಯಾಗುವಾಗ ತನ್ನ ಶಾಖವನ್ನೆಲ್ಲ ಚರ್ಮಕ್ಕೆ ಬಿಟ್ಟುಕೊಡುತ್ತದೆ. ಕೋಣೆಯ ಉಷ್ಣತೆ ಹೆಚ್ಚದಿದ್ದರೂ ಒಮ್ಮೆಲೇ ಬಿಸಿ ಏರಿದಂತೆ ಅನುಭವವಾಗುವುದು ಈ ಕಾರಣದಿಂದ. ಈ ಹಬೆಗೆ ಫಿನ್ನರ ಭಾಷೆಯಲ್ಲಿ 'ಲೊಯ್ಲು' ಎಂದು ಹೆಸರು. ಉಸಿರು, ಪ್ರಾಣ ಎಂಬುದು ಆ ಪದದ ಪ್ರಾಚೀನ ಅರ್ಥವೆಂದು ಭಾಷಾವಿದ್ವಾಂಸರು ಹೇಳುತ್ತಾರೆ.

ಮನೆಯಿಂದ ಬೀದಿಗೆ, ಬೀದಿಯಿಂದ ಮನೆಗೆ

ಫಿನ್ಲೆಂಡಿನ ಜನಸಂಖ್ಯೆ ಸುಮಾರು ೫೫ ಲಕ್ಷ; ಅಲ್ಲಿರುವ ಸೌನಾಗಳು ಸುಮಾರು ೩೦ ಲಕ್ಷವೆಂದು ಅಂದಾಜು. ಹಿಂದಿನ ಕಾಲದಲ್ಲಿ ಹಳ್ಳಿಯ ಮನೆಗಳಲ್ಲಿ ಸೌನಾವೇ ಅತ್ಯಂತ ಬೆಚ್ಚಗಿನ, ಶುಚಿಯಾದ ಸ್ಥಳವಾಗಿತ್ತು. ಆದುದರಿಂದ ಹೆರಿಗೆಗಳು ಅಲ್ಲಿಯೇ ಆಗುತ್ತಿದ್ದವು. ಮೃತರ ದೇಹಕ್ಕೆ ಕೊನೆಯ ಸ್ನಾನವೂ ಅಲ್ಲಿಯೇ ನಡೆಯುತ್ತಿತ್ತು. ಪ್ರಾರ್ಥನಾಮಂದಿರದಲ್ಲಿ ಇರುವಂತೆಯೇ ಸೌನಾದಲ್ಲಿಯೂ ಇರಬೇಕೆಂದು ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ೨೦೨೦ರಲ್ಲಿ ಯುನೆಸ್ಕೊ ಸಂಸ್ಥೆಯು ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಳ್ಳಿಗಳನ್ನು ಬಿಟ್ಟು ಪಟ್ಟಣಗಳ ಕಾರ್ಖಾನೆಗಳಿಗೆ ದುಡಿಯಲು ಬಂದ ಜನರ ಸಣ್ಣ ವಸತಿಗಳಲ್ಲಿ ಸ್ನಾನಕ್ಕೆ ಅನುಕೂಲವಿರಲಿಲ್ಲ. ಅವರಿಗಾಗಿ ಹುಟ್ಟಿಕೊಂಡವು ಸಾರ್ವಜನಿಕ ಸೌನಾಗಳು. ಟಾಂಪೆರೆ ನಗರದ ಪಿಸ್ಪಲಾ ಬಡಾವಣೆಯಲ್ಲಿರುವ ರಾಯಾಪೊರ್ತಿ ಸೌನಾ ೧೯೦೬ರಲ್ಲಿ ಆರಂಭವಾದುದು. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಇದೇ ಹಳೆಯದು. ಹೆಲ್ಸಿಂಕಿಯ ಕಾಲ್ಲಿಯೊ ಎಂಬ ಶ್ರಮಿಕರ ಬಡಾವಣೆಯಲ್ಲಿ ೧೯೨೮ರಲ್ಲಿ ಕೊತಿಹಾರ್ಯು ಸೌನಾ ಪ್ರಾರಂಭವಾಯಿತು. ಅಲ್ಲಿ ಈಗಲೂ ಸೌದೆಯಿಂದಲೇ ಒಲೆ ಉರಿಯುತ್ತದೆ. ಒಂದು ಕಾಲಕ್ಕೆ ಹೆಲ್ಸಿಂಕಿಯೊಂದರಲ್ಲಿಯೇ ನೂರಕ್ಕೂ ಮಿಕ್ಕು ಸಾರ್ವಜನಿಕ ಸೌನಾಗಳಿದ್ದವು. ಎರಡನೆಯ ಮಹಾಯುದ್ಧದ ತರುವಾಯ ಕಟ್ಟಡಗಳಲ್ಲಿ, ಮನೆಗಳಲ್ಲಿ ಸ್ವಂತ ಸೌನಾಗಳು ಬಂದಂತೆ ಅವು ಒಂದೊಂದಾಗಿ ಮುಚ್ಚಿದವು.

ಮನೆಯಲ್ಲಿ ಎಲ್ಲ ಅನುಕೂಲವಿದ್ದರೂ ನಾಲ್ಕು ಜನರೊಡನೆ ಕುಳಿತುಕೊಳ್ಳುವ ಸುಖ ಮನೆಯಲ್ಲಿ ಸಿಗದೆಂದು ಹೊಸ ಪೀಳಿಗೆಗೆ ತೋರಿದುದರಿಂದ ಇತ್ತೀಚೆಗೆ ಅವು ಮತ್ತೆ ಚಿಗುರಿವೆ. ೨೦೧೬ರಲ್ಲಿ ಹೆಲ್ಸಿಂಕಿಯ ಕಡಲಂಚಿನಲ್ಲಿ 'ಲೊಯ್ಲು' ಎಂಬ ಹೆಸರಿನ ದೊಡ್ಡ ಸೌನಾ ತೆರೆಯಿತು. ಅದೇ ನಗರದ ಸೊಂಪಾಸೌನಾವನ್ನು ಸ್ವಯಂಸೇವಕರೇ ಕಟ್ಟಿ ನಡೆಸುತ್ತಿದ್ದಾರೆ. ಅಲ್ಲಿ ಶುಲ್ಕವಿಲ್ಲ, ಬಂದವರೇ ಸೌದೆ ಒಡೆದು, ಬೆಂಕಿ ಹಾಕಿ, ಮುಂದೆ ಬರುವವರಿಗೆ ಬಿಟ್ಟು ಹೋಗುತ್ತಾರೆ. ನಮ್ಮಲ್ಲಿನ ದಾಸೋಹದ ಸೇವೆಯನ್ನು ಕಂಡವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು.

ಒಳಗಿನ ನಡಾವಳಿ

ಹಳೆಯ ಸೌನಾಗಳಲ್ಲಿ ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕ ವಿಭಾಗಗಳಿವೆ. ಬಟ್ಟೆ ಬಿಚ್ಚಿಟ್ಟು, ಮೊದಲು ಮೈ ಚೆನ್ನಾಗಿ ತೊಳೆದುಕೊಂಡು, ಕುಳಿತುಕೊಳ್ಳುವಲ್ಲಿ ಹಾಸಿಕೊಳ್ಳಲು ಸಣ್ಣ ವಸ್ತ್ರ ಹಿಡಿದು ಒಳಹೋಗಬೇಕು. ಅಲ್ಲಿ ಬಟ್ಟೆ ತೊಡುವ ರೂಢಿಯಿಲ್ಲ. ಸಂಕೋಚವಿರುವವರು ಟವೆಲು ಸುತ್ತಿಕೊಂಡು ಕುಳಿತರೆ ಯಾರೂ ತಪ್ಪು ತಿಳಿಯುವುದಿಲ್ಲ. ಸ್ತ್ರೀಪುರುಷರು ಒಟ್ಟಿಗೆ ಕೂರುವ ಹೊಸ ಸೌನಾಗಳಲ್ಲಿ ಈಜುಡುಗೆ ಧರಿಸುತ್ತಾರೆ. ನೀರು ಹಾಕುವ ಮುನ್ನ ಉಳಿದವರ ಸಮ್ಮತಿ ಕೇಳುವುದು ಶಿಷ್ಟಾಚಾರ. ಬೇಸಿಗೆಯಲ್ಲಿ ಬರ್ಚ್ ಮರದ ಎಳೆಯ ಸೊಪ್ಪಿನ ಕಟ್ಟನ್ನು ನೀರಿನಲ್ಲಿ ನೆನೆಸಿ ಮೈಗೆ ಮೆಲ್ಲಗೆ ಬಡಿದುಕೊಳ್ಳುತ್ತಾರೆ. ಪಶ್ಚಿಮ ಭಾಗದವರು ಅದಕ್ಕೆ 'ವಿಹ್ತಾ' ಎಂದೂ ಪೂರ್ವ ಭಾಗದವರು 'ವಾಸ್ತಾ' ಎಂದೂ ಕರೆಯುತ್ತಾರೆ. ನಮ್ಮ ಪೂರ್ವಿಕರು ಗ್ರಂಥ ಬರೆಯಲು ಬಳಸಿದ ಭೂರ್ಜಪತ್ರ ಇದೇ ಜಾತಿಯ ಮರದ ತೊಗಟೆ.

ಕೆಲವು ನಿಮಿಷ ಒಳಗಿದ್ದು, ಹೊರಬಂದು ತಣಿದು, ನೀರು ಕುಡಿದು ಮತ್ತೆ ಒಳಹೋಗುವುದು ಕ್ರಮ. ಕೆಲವರು ತಣ್ಣೀರಿಗೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ಕಂಡಿಗೂ ಇಳಿಯುತ್ತಾರೆ. ಬಟ್ಟೆಯೊಂದಿಗೆ ಹುದ್ದೆ, ಅಂತಸ್ತುಗಳನ್ನೂ ಹೊರಗೇ ಬಿಟ್ಟು ಬಂದ ಆ ಜನ ಒಂದೇ ಹಾಸಿನ ಮೇಲೆ ಸಮನಾಗಿ ಕುಳಿತಿರುವುದನ್ನು ನೋಡಿ ನಮಗೆ ಸಂತೋಷವಾಯಿತು.

ದೇಹದಲ್ಲಿ ಆಗುವುದೇನು?

ಬಿಸಿ ತಾಗಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಶಾಖವನ್ನು ಹೊರಹಾಕಲು ಹೃದಯವು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ. ನಾಡಿಬಡಿತವು ಬಿರುಸಾಗಿ ನಡೆದಾಗಿನಂತೆ ನಿಮಿಷಕ್ಕೆ ನೂರನ್ನು ದಾಟುತ್ತದೆ. ಒಂದು ಸಲದ ಸ್ನಾನದಲ್ಲಿ ಸುಮಾರು ಅರ್ಧ ಲೀಟರಿನಷ್ಟು ಬೆವರು ಹೋಗುತ್ತದೆ. ಸ್ನಾಯುಗಳು ಸಡಿಲಗೊಳ್ಳುತ್ತವೆ. ಆ ರಾತ್ರಿ ನಿದ್ರೆ ಗಾಢವಾಗಿ ಬರುವುದೆಂದು ಅನೇಕರು ಹೇಳುತ್ತಾರೆ. ನಮ್ಮ ಅನುಭವವೂ ಅದೇ.

ಫಿನ್ಲೆಂಡಿನ ಕುವೊಪಿಯೊ ಪ್ರದೇಶದಲ್ಲಿ ೪೨ರಿಂದ ೬೦ ವರ್ಷದೊಳಗಿನ ೨,೩೧೫ ಪುರುಷರನ್ನು ಸುಮಾರು ಇಪ್ಪತ್ತು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು ೨೦೧೫ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಮ್ಮೆ ಸೌನಾ ಮಾಡುವವರಿಗಿಂತ ನಾಲ್ಕರಿಂದ ಏಳು ಸಲ ಮಾಡುವವರಲ್ಲಿ ಹಠಾತ್ ಹೃದಯಮರಣದ ಸಂಭವ ಶೇಕಡಾ ೬೩ರಷ್ಟು ಕಡಿಮೆ ಕಂಡುಬಂದಿತು. ಈ ಅಂಕಿಯನ್ನು ಓದಿ ಹಿಗ್ಗುವ ಮೊದಲು ಒಂದು ಮಾತನ್ನು ನೆನಪಿಡಬೇಕು. ಇದು ಜನರ ರೂಢಿಯನ್ನು ಗಮನಿಸಿದ ಅಧ್ಯಯನವೇ ಹೊರತು ಪ್ರಯೋಗವಲ್ಲ. ಹೆಚ್ಚು ಸಲ ಸೌನಾ ಮಾಡುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರಬಹುದು, ಬಿಡುವುಳ್ಳವರಾಗಿರಬಹುದು. ಮೇಲಾಗಿ ಅವರು ಬಾಲ್ಯದಿಂದ ಆ ಶಾಖಕ್ಕೆ ಒಗ್ಗಿದವರು. ಆದುದರಿಂದ ಸೌನಾವನ್ನು ಹೃದ್ರೋಗದ ಔಷಧವೆಂದು ತಿಳಿಯಲಾಗದು. ಬೆವರಿನೊಂದಿಗೆ ದೇಹದ ವಿಷವೆಲ್ಲ ಹೋಗುವುದೆಂಬ ಮಾತೂ ಸರಿಯಲ್ಲ. ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಯಕೃತ್ತು ಮತ್ತು ಮೂತ್ರಪಿಂಡಗಳು. ತೂಕ ಇಳಿದಂತೆ ಕಂಡರೆ ಅದು ನೀರಿನ ತೂಕ. ಎರಡು ಲೋಟ ನೀರು ಕುಡಿದರೆ ಹಿಂದಿರುಗುತ್ತದೆ.

ನಮಗಾದ ಪಾಠ

ನಮ್ಮಿಬ್ಬರಲ್ಲಿ ಒಬ್ಬರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುವವರು. ಪುರುಷರ ವಿಭಾಗದಲ್ಲಿ ಮಗನೊಡನೆ ಕುಳಿತಾಗ, ಅಕ್ಕಪಕ್ಕದ ವೃದ್ಧರೇ ಮೇಲಿನ ಮೆಟ್ಟಿಲಿನಲ್ಲಿರುವಾಗ ತಾವೇಕೆ ಕೆಳಗೆ ಕೂರಬೇಕೆಂಬ ಸಣ್ಣ ಅಭಿಮಾನ ಹುಟ್ಟಿತು. ಮೇಲೇರಿ ಕುಳಿತು, ಎಲ್ಲರೂ ಏಳುವವರೆಗೆ ಹಟದಿಂದ ಇದ್ದು, ತಟ್ಟನೆ ಎದ್ದು ನಿಂತರು. ಕಣ್ಣು ಕತ್ತಲಾಯಿತು, ಕಾಲು ತೂರಾಡಿತು. ಕೈಗೆಟಕುವಷ್ಟು ದೂರದಲ್ಲಿ ಕಾದ ಕಲ್ಲುಗಳ ಒಲೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತೋಳು ಹಿಡಿದು ಕೆಳಮೆಟ್ಟಿಲಿನಲ್ಲಿ ಕೂರಿಸಿದರು. ಅವರೂ ಮಗನೂ ಸೇರಿ ಹೊರಗೆ ಕರೆತಂದು ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ನೀರು ಕುಡಿಸಿದರು. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. 'ಇಲ್ಲಿ ಯಾರೂ ನಿಮಿಷ ಎಣಿಸುವುದಿಲ್ಲ ಎಂದು ನಿಮ್ಮ ತಂದೆಯವರಿಗೆ ಹೇಳಿ' ಎಂದು ಆ ಹಿರಿಯರು ಮಗನಿಗೆ ಹೇಳಿದರಂತೆ. ಅದೇ ವೇಳೆ ಸ್ತ್ರೀಯರ ವಿಭಾಗದಲ್ಲಿ ಕೆಳಮೆಟ್ಟಿಲಿನಲ್ಲಿಯೇ ಐದು ನಿಮಿಷ ಕುಳಿತು ಎದ್ದು ಬಂದವರಿಗೆ ಯಾವ ತೊಂದರೆಯೂ ಆಗಲಿಲ್ಲ.

ಕಾರಣ ಸ್ಪಷ್ಟ. ಬಿಸಿಯಿಂದ ಹಿಗ್ಗಿದ ರಕ್ತನಾಳಗಳು ರಕ್ತದೊತ್ತಡವನ್ನು ಇಳಿಸುತ್ತವೆ, ಗುಳಿಗೆಯೂ ಇಳಿಸುತ್ತದೆ, ಬೆವರಿನಿಂದ ನೀರಿನಂಶ ಕುಗ್ಗುತ್ತದೆ. ಈ ಮೂರೂ ಸೇರಿದಾಗ ತಟ್ಟನೆ ಎದ್ದವರ ಮಿದುಳಿಗೆ ರಕ್ತ ಸಾಲದು. ಹಟದ ಪರಿಣಾಮ ಇನ್ನೂ ಘೋರವಾಗಬಹುದು. ಹೈನೊಲಾ ಎಂಬ ಊರಿನಲ್ಲಿ ಹೆಚ್ಚು ಹೊತ್ತು ಸೌನಾದಲ್ಲಿ ಕೂರುವ ವಿಶ್ವಸ್ಪರ್ಧೆ ನಡೆಯುತ್ತಿತ್ತು. ೨೦೧೦ರಲ್ಲಿ ೧೧೦ ಡಿಗ್ರಿ ಶಾಖದಲ್ಲಿ ಕುಳಿತ ಸ್ಪರ್ಧಿಯೊಬ್ಬರು ಮೃತಪಟ್ಟರು, ಇನ್ನೊಬ್ಬರು ತೀವ್ರವಾಗಿ ಸುಟ್ಟುಕೊಂಡರು. ಆ ಸ್ಪರ್ಧೆ ಅಲ್ಲಿಗೇ ನಿಂತಿತು.

ಪಾಲಿಸತಕ್ಕ ನಿಯಮಗಳು

ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಹತೋಟಿಗೆ ಬಾರದವರು, ಹೃದಯದ ಕವಾಟ ತೀವ್ರವಾಗಿ ಕಿರಿದಾದವರು ಸೌನಾಕ್ಕೆ ಹೋಗಕೂಡದು. ಜ್ವರವಿರುವಾಗಲೂ ಬೇಡ. ಗರ್ಭಿಣಿಯರು, ರಕ್ತದೊತ್ತಡಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಹೋಗಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಧುಮೇಹಿಗಳಲ್ಲಿ ಬಿಸಿಗೆ ಔಷಧವು ಬೇಗನೆ ರಕ್ತಕ್ಕೆ ಸೇರಿ ಸಕ್ಕರೆಯಂಶ ಕುಸಿಯಬಹುದು. ಅವರೂ ವೈದ್ಯರ ಸಲಹೆ ಪಡೆಯತಕ್ಕದ್ದು. ಮದ್ಯಪಾನ ಮಾಡಿ ಒಳಹೋಗುವುದು ಪ್ರಾಣಾಂತಿಕ. ಸೌನಾದ ಬಳಿಕ ಬಿಯರ್ ಕುಡಿಯುವ ರೂಢಿ ಅಲ್ಲಿದ್ದರೂ ಒಲ್ಲೆನೆಂದವರನ್ನು ಯಾರೂ ಒತ್ತಾಯಿಸುವುದಿಲ್ಲ. ತಣ್ಣೀರಿಗೆ ಧುಮುಕಿದಾಗ ರಕ್ತನಾಳಗಳು ಒಮ್ಮೆಲೇ ಕುಗ್ಗಿ ರಕ್ತದೊತ್ತಡ ಏರುವುದರಿಂದ ಹೃದ್ರೋಗಿಗಳೂ ವಯೋವೃದ್ಧರೂ ಅದನ್ನು ಬಿಡಬೇಕು.

ಉಳಿದವರು ಮೊದಲ ಸಲ ಕೆಳಮೆಟ್ಟಿಲಿನಲ್ಲಿ ಐದು ನಿಮಿಷ ಕುಳಿತರೆ ಸಾಕು. ತುಂಬ ಉಂಡು ಹೋಗಬಾರದು. ಏಳುವ ಮೊದಲು ಒಂದು ನಿಮಿಷ ಕಾಲನ್ನು ಕೆಳಗೆ ಬಿಟ್ಟು ಕುಳಿತು, ಆಮೇಲೆ ಮೆಲ್ಲನೆ ಏಳಬೇಕು. ಒಬ್ಬರೇ ಹೋಗಬಾರದು. ನೀರನ್ನು ಮರೆಯಬಾರದು.

ಲೋಹದ ಆಭರಣಗಳು ಆ ಶಾಖದಲ್ಲಿ ಕಾದು ಚರ್ಮವನ್ನು ಸುಡುತ್ತವೆ. ಇಷ್ಟಲಿಂಗಧಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಲಿಂಗವನ್ನು ಅಂಗದಿಂದ ಅಗಲಿಸಲೊಲ್ಲದವರು ಬೆಳ್ಳಿಯ ಕರಡಿಗೆಯೊಂದಿಗೆ ಒಳಹೋಗದೆ, ಮೊದಲೇ ಗುರುಗಳಲ್ಲಿ ವಿಚಾರಿಸಿ ಶುಭ್ರವಾದ ಹತ್ತಿಯ ವಸ್ತ್ರದಲ್ಲಿ ಕಟ್ಟಿಕೊಳ್ಳುವುದು ಒಳ್ಳೆಯದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಹೊರಗಿನ ಕೋಣೆಯಲ್ಲಿ ಕುಳಿತು ಬರಬಹುದು. ಸೌನಾ ಮಾಡದಿದ್ದರೆ ನಷ್ಟವೇನೂ ಇಲ್ಲ.

ನಮ್ಮ ವೈದ್ಯಶಾಸ್ತ್ರದ ಮಾತು

ಬೆವರಿಸುವ ಚಿಕಿತ್ಸೆ ಭಾರತೀಯರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೧೪ನೆಯ ಅಧ್ಯಾಯವು ಅಗ್ನಿಯಿಂದ ಮಾಡುವ ೧೩ ಬಗೆಯ ಸ್ವೇದನಗಳನ್ನು ವಿವರಿಸುತ್ತದೆ. ಅವುಗಳಲ್ಲಿ 'ಜೇಂತಾಕ' ಎಂಬುದು ಸೌನಾವನ್ನು ಬಹಳ ಹೋಲುತ್ತದೆ: ದುಂಡನೆಯ ಮನೆ, ನಡುವೆ ರಂಧ್ರಗಳುಳ್ಳ ಮುಚ್ಚಳದ ಒಲೆ, ಗೋಡೆಯುದ್ದಕ್ಕೂ ಜಗಲಿ. ಗರ್ಭಿಣಿಯರಿಗೂ ನಿತ್ಯ ಮದ್ಯಪಾನಿಗಳಿಗೂ ಸ್ವೇದನ ಸಲ್ಲದೆಂದು ಚರಕನು ಹೇಳುತ್ತಾನೆ. ಬೆವರಿದ ಮೇಲೆ ಕೂಡಲೇ ತಣ್ಣೀರು ಮುಟ್ಟದೆ, ದಣಿವಾರಿಸಿಕೊಂಡು, ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಬೇಕೆಂಬುದು ಅವನ ವಿಧಿ. ಈ ಒಂದು ವಿಷಯದಲ್ಲಿ ಫಿನ್ನರ ರೂಢಿಗಿಂತ ಚರಕನ ಮಾತೇ ವಯಸ್ಸಾದ ನಮ್ಮಂಥವರಿಗೆ ಹಿತವೆಂದು ನಮಗೆ ತೋರಿತು.

ಹಿಂದಿರುಗುವ ಮುನ್ನ ನಾವು ಇನ್ನೊಮ್ಮೆ ಅದೇ ಸೌನಾಕ್ಕೆ ಹೋದೆವು. ಈ ಸಲ ಇಬ್ಬರೂ ಕೆಳಮೆಟ್ಟಿಲಿನಲ್ಲಿಯೇ ಕುಳಿತೆವು. ಸಾಕೆನಿಸಿದಾಗ ಎದ್ದು ಬಂದೆವು. ಹೊರಗಿನ ಹಲಗೆಯ ಮೇಲೆ ತಂಪುಗಾಳಿಗೆ ಕುಳಿತು ನೀರು ಕುಡಿಯುವಾಗ ದೇಹ ಹಗುರವಾಗಿತ್ತು, ಮನಸ್ಸು ಪ್ರಸನ್ನವಾಗಿತ್ತು. ಮಿತವನ್ನು ಅರಿತು ಹೋದರೆ ಸೌನಾ ಹಿತಕರವಾದುದೇ. ಹೋಗುವ ಸದ್ಭಕ್ತರು ತಮ್ಮ ದೇಹಸ್ಥಿತಿಯನ್ನು ವೈದ್ಯರಲ್ಲಿ ವಿಚಾರಿಸಿಕೊಂಡು ಹೋಗಿ, ಕ್ಷೇಮವಾಗಿ ಹಿಂದಿರುಗಲೆಂದು ಹಾರೈಸುತ್ತೇವೆ.