ಹೃದಯದ ಬಾಗಿಲಲ್ಲಿ 'ನಾಳೆ ಬಾ'

(ಸಂತ ಮೋನಿಕಾ ಹಾಗೂ ಸಂತ ಅಗಸ್ಟೀನರ ಹಬ್ಬದ ಚಿಂತನೆ: ಆಗಸ್ಟ್ 27 ಮತ್ತು 28)



ನಮ್ಮಲ್ಲಿ ಹಲವರಿಗೆ ಇದು ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ನಮ್ಮ ಹಳ್ಳಿಗಳಲ್ಲಿ ಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಊರೂರಿಗೆ ಹಬ್ಬಿತ್ತು. ಬಾಗಿಲಿನ ಬರಹ ಓದಿದ ದೆವ್ವ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹ ಓದಿ ಮತ್ತೆ ಹಿಂದಿರುಗುತ್ತದೆ ಎಂದು ಜನ ನಂಬಿದ್ದರು. 'ಬರಬೇಡ' ಎಂದು ಯಾರೂ ಬರೆಯಲಿಲ್ಲ. 'ನಾಳೆ ಬಾ' ಎಂಬ ಎರಡು ಪದಗಳೇ ಸಾಕಾಗಿದ್ದವು.

ಆ ಬರಹಗಳು ಈಗ ಮಾಸಿವೆ. ಆದರೆ ಅದೇ ಎರಡು ಪದಗಳನ್ನು ನಾವು ಇನ್ನೊಂದು ಬಾಗಿಲ ಮೇಲೆ ಉಳಿಸಿಕೊಂಡಿದ್ದೇವೆ. ಪ್ರಕಟನಾ ಗ್ರಂಥದ 3ನೇ ಅಧ್ಯಾಯದಲ್ಲಿ (3:20) ಪ್ರಭು ಬಾಗಿಲ ಬಳಿ ನಿಂತು ತಟ್ಟುತ್ತಿದ್ದಾರೆ. ದನಿ ಕೇಳಿ ಬಾಗಿಲು ತೆರೆದವರ ಜೊತೆ ಕುಳಿತು ಊಟಮಾಡುವುದಾಗಿ ಹೇಳುತ್ತಾರೆ. ನಾವು ಕ್ರೈಸ್ತರು, ಅವರಿಗೆ 'ಬರಬೇಡಿ' ಎನ್ನುವ ಧೈರ್ಯ ನಮಗಿಲ್ಲ. ಮಗಳ ಮದುವೆ ಮುಗಿಯಲಿ, ಮನೆ ಸಾಲ ತೀರಲಿ, ಮಕ್ಕಳ ಪರೀಕ್ಷೆ ಕಳೆಯಲಿ, ನಿವೃತ್ತಿಯಾಗಲಿ, ಆಮೇಲೆ ದೇವರ ಕಡೆ ತಿರುಗುತ್ತೇವೆ ಎನ್ನುತ್ತೇವೆ. ದೆವ್ವವನ್ನು ಓಡಿಸಲು ಬರೆದ ಮಾತನ್ನೇ ದೇವರಿಗೂ ಓದಿಸುತ್ತಿದ್ದೇವೆ.

ಮುಂದೂಡಿದ ಒಬ್ಬ ಯುವಕ

ಈ ಮಾತು ಸಂತ ಅಗಸ್ಟೀನರಿಗೆ ತಿಳಿದಷ್ಟು ಬೇರೆ ಯಾವ ಸಂತರಿಗೂ ತಿಳಿದಿರಲಿಕ್ಕಿಲ್ಲ. ಅವರು ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಊರಿನಲ್ಲಿ; ಅದು ಇಂದಿನ ಅಲ್ಜೀರಿಯ ದೇಶದಲ್ಲಿದೆ. ತಾಯಿ ಮೋನಿಕಾ ದೃಢ ವಿಶ್ವಾಸಿ. ಬಾಲಕ ಅಗಸ್ಟೀನರಿಗೆ ಒಮ್ಮೆ ಹೊಟ್ಟೆನೋವು ಬಂದು ಸಾಯುವ ಸ್ಥಿತಿಯಾಯಿತು. ತನಗೆ ದೀಕ್ಷಾಸ್ನಾನ ಕೊಡಿಸಿ ಎಂದು ಹುಡುಗ ಬೇಡಿಕೊಂಡ. ತಾಯಿ ಸಿದ್ಧತೆ ಮಾಡುತ್ತಿರುವಾಗಲೇ ನೋವು ಇಳಿಯಿತು. ದೀಕ್ಷಾಸ್ನಾನವನ್ನೂ ಮುಂದೂಡಲಾಯಿತು.

ಆ ಕಾಲದಲ್ಲಿ ಅದು ಅಪರೂಪದ ಸಂಗತಿಯಾಗಿರಲಿಲ್ಲ. ದೀಕ್ಷಾಸ್ನಾನದಲ್ಲಿ ಪಾಪಗಳೆಲ್ಲ ತೊಳೆದುಹೋಗುವುದರಿಂದ, ಯೌವನದ ಪಾಪಗಳು ಮುಗಿದ ಮೇಲೆ ಪಡೆದರಾಯಿತು ಎಂಬ ಲೆಕ್ಕಾಚಾರ ಅನೇಕರದಾಗಿತ್ತು. ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಮುಂದೆ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ಈ ಲೆಕ್ಕಾಚಾರವನ್ನು ಪ್ರಶ್ನಿಸಿದರು. ದೇಹಕ್ಕೆ ಗಾಯವಾದವನನ್ನು ಕಂಡು, ಇವನಿಗೆ ಇನ್ನೂ ವಾಸಿಯಾಗಿಲ್ಲ, ಇನ್ನಷ್ಟು ಗಾಯಗಳಾಗಲಿ ಬಿಡಿ ಎಂದು ಯಾರೂ ಹೇಳುವುದಿಲ್ಲ. ಆತ್ಮದ ವಿಷಯದಲ್ಲಿ ಮಾತ್ರ ಹಾಗೆ ಹೇಳುವುದೇಕೆ ಎಂಬುದು ಅವರ ಪ್ರಶ್ನೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಗ್ರಂಥವನ್ನು ಓದಿ ಅವರ ಮನಸ್ಸಿನಲ್ಲಿ ಸತ್ಯದ ಹಸಿವು ಹುಟ್ಟಿತು. ಆ ಹಸಿವಿಗೆ ಓಗೊಡಲು ಮತ್ತೆ ಹನ್ನೆರಡು ವರ್ಷಗಳು ಹಿಡಿದವು. 384ರಲ್ಲಿ ಮಿಲಾನ್ ನಗರಕ್ಕೆ ಉಪನ್ಯಾಸಕರಾಗಿ ಬಂದರು, ಅಲ್ಲಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಪ್ರಬೋಧನೆಗಳನ್ನು ಕೇಳಿದರು, ಬುದ್ಧಿಗೆ ಸತ್ಯ ತಿಳಿಯಿತು. ಆದರೂ ಏಳಲಿಲ್ಲ. ಪರಿಶುದ್ಧ ಜೀವನವನ್ನು ಪ್ರಾರ್ಥನೆಯಲ್ಲಿ ಬೇಡುತ್ತಿದ್ದರು. ದೇವರು ಅದನ್ನು ಆಗಲೇ ಕೊಟ್ಟುಬಿಟ್ಟಾರು ಎಂಬ ಅಂಜಿಕೆಯೂ ಅವರಿಗಿತ್ತು. ಬೆಳಗಾಗಿದೆ ಎಂದು ಗೊತ್ತಿದ್ದರೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎನ್ನುತ್ತಲೇ ಇದ್ದರು.

386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅವರು ತಮ್ಮೊಳಗೆ ತಾವೇ ಹೋರಾಡಿ ಅಳುತ್ತಿದ್ದಾಗ, ಪಕ್ಕದ ಮನೆಯಿಂದ ಮಗುವಿನ ದನಿಯೊಂದು ಕೇಳಿಸಿತು: ಎತ್ತಿಕೋ, ಓದು ಎಂದು. ಎದ್ದು ಹೋಗಿ ಸಂತ ಪೌಲರ ಪತ್ರಗಳನ್ನು ತೆರೆದರು. ಕಣ್ಣಿಗೆ ಬಿದ್ದದ್ದು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದ ಕೊನೆಯ ಮಾತುಗಳು. ದುರ್ನಡತೆಯನ್ನು ಬಿಟ್ಟು ಕ್ರಿಸ್ತರನ್ನೇ ಧರಿಸಿಕೊಳ್ಳಬೇಕೆಂಬ ಕರೆ. ಮುಂದೆ ಓದುವ ಅಗತ್ಯವೇ ಅವರಿಗೆ ಕಾಣಲಿಲ್ಲ. ನೇರವಾಗಿ ತಾಯಿಯ ಬಳಿ ಹೋಗಿ ವಿಷಯ ತಿಳಿಸಿದರು. ಅದೇ ಅಧ್ಯಾಯದಲ್ಲಿ, ಆ ಮಾತುಗಳಿಗೆ ತುಸು ಮುಂಚೆ, ನಿದ್ರೆಯಿಂದ ಏಳುವ ಗಳಿಗೆ ಬಂದಿದೆ ಎಂದು ಪೌಲರು ಎಚ್ಚರಿಸಿದ್ದಾರೆ. ಮೂರು ವರ್ಷಗಳಿಗೊಮ್ಮೆ ಆಗಮನ ಕಾಲದ ಮೊದಲ ಭಾನುವಾರ ನಮ್ಮ ದೇವಾಲಯಗಳಲ್ಲಿ ಓದುವ ವಾಚನ ಇದೇ.

387ರ ಪಾಸ್ಖ ಜಾಗರಣೆಯ ರಾತ್ರಿ ಸಂತ ಆಂಬ್ರೋಸರಿಂದ ಅಗಸ್ಟೀನರು ದೀಕ್ಷಾಸ್ನಾನ ಪಡೆದರು. ಅದೇ ವರ್ಷ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಓಸ್ತಿಯ ಎಂಬ ಬಂದರು ಊರಿನಲ್ಲಿ ತಾಯಿ ಮೋನಿಕಾ ಜ್ವರ ಬಂದು ತೀರಿಕೊಂಡರು. ಒಂದು ಕ್ಷಣ ಯೋಚಿಸೋಣ. ಅಗಸ್ಟೀನರು ಇನ್ನೊಂದೇ ವರ್ಷ 'ನಾಳೆ' ಎಂದಿದ್ದರೆ, ವರ್ಷಗಟ್ಟಲೆ ಕಣ್ಣೀರಿಟ್ಟು ಮಗನಿಗಾಗಿ ಪ್ರಾರ್ಥಿಸಿದ ಆ ತಾಯಿ ಅದನ್ನು ಕಣ್ಣಾರೆ ಕಾಣುತ್ತಿರಲಿಲ್ಲ.

ನಮ್ಮದೇ ತಪ್ಪು

ಬೇರೆಯವರ ಕಥೆ ಹೇಳುವುದು ಸುಲಭ. ನಮ್ಮ ಕಥೆಯನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಾವು ಹಳ್ಳಿಯ ಧರ್ಮಕೇಂದ್ರವೊಂದರಲ್ಲಿದ್ದೆವು. ಪಾಲಕ ಸಂತರ ಹಬ್ಬದ ಹಿಂದಿನ ದಿನ, ಶನಿವಾರ ಸಂಜೆ. ಪೆಂಡಾಲಿನವರು, ದೀಪದವರು, ಅಡುಗೆಯವರು ಎಲ್ಲರೂ ಸುತ್ತ ನಿಂತಿದ್ದರು. ಒಬ್ಬ ಹುಡುಗ ಬಂದು, "ಸ್ವಾಮಿ, ತಾತ ನಿಮ್ಮನ್ನ ಕರ್ಕೊಂಡು ಬಾ ಅಂದ್ರು. ಪಾಪನಿವೇದನೆ ಮಾಡಬೇಕಂತೆ" ಎಂದ. ಆ ಹಿರಿಯರು ತಮ್ಮನೊಂದಿಗೆ ಜಮೀನಿನ ಬದುವಿನ ವಿಷಯಕ್ಕೆ ಜಗಳವಾಡಿ, ಬಹಳ ವರ್ಷಗಳಿಂದ ದೇವಾಲಯಕ್ಕೆ ಬರುವುದನ್ನೇ ಬಿಟ್ಟವರು. "ತುಂಬಾ ಹುಷಾರಿಲ್ಲವೇನಪ್ಪ?" ಎಂದು ಕೇಳಿದೆವು. "ಇಲ್ಲ ಸ್ವಾಮಿ, ಈಗ ಗಂಜಿ ಕುಡಿದ್ರು" ಎಂದ. "ಹಾಗಾದ್ರೆ ಹಬ್ಬ ಮುಗೀಲಿ, ಸೋಮವಾರ ಬೆಳಿಗ್ಗೆ ಬರ್ತೀನಿ ಅಂತ ಹೇಳು" ಎಂದು ಕಳುಹಿಸಿದೆವು. ಹುಡುಗ ತಲೆಯಾಡಿಸಿ ಹೋದ.

ಭಾನುವಾರ ನಸುಕಿನಲ್ಲಿ ಸಾವಿನ ಗಂಟೆ ಬಾರಿಸಿತು. ಸೋಮವಾರ ನಾವು ಆ ಮನೆಗೆ ಹೋದದ್ದು ನಿಜ, ಹೋದದ್ದು ಅಂತ್ಯಸಂಸ್ಕಾರಕ್ಕೆ. ಮನೆಯವರು ಒಂದು ಕೆಟ್ಟ ಮಾತೂ ಆಡಲಿಲ್ಲ. "ರಾತ್ರಿಯೆಲ್ಲ ಬಾಗಿಲ ಕಡೆ ನೋಡ್ತಾನೇ ಇದ್ರು ಸ್ವಾಮಿ" ಎಂದಷ್ಟೇ ಹಿರಿಯ ಸೊಸೆ ಹೇಳಿದರು. ಅವರ ತಮ್ಮ ಸಮಾಧಿಯ ಬಳಿ ದೂರದಲ್ಲಿ ಒಬ್ಬರೇ ನಿಂತಿದ್ದರು.

ಪಶ್ಚಾತ್ತಾಪಪಟ್ಟು ಪಾಪನಿವೇದನೆಗೆ ಹಂಬಲಿಸಿದ ಆ ಹೃದಯವನ್ನು ದೇವರು ಕೈಬಿಡಲಿಲ್ಲವೆಂದು ಧರ್ಮಸಭೆಯ ಬೋಧನೆಯಂತೆ ನಾವು ದೃಢವಾಗಿ ನಂಬುತ್ತೇವೆ. ಆದರೆ ಆ ಕರುಣೆ ದೇವರದು, ವಿಳಂಬ ನಮ್ಮದು. ಹಬ್ಬದ ದೀಪಗಳ ಲೆಕ್ಕ ನೋಡುತ್ತ ಹಬ್ಬದ ಒಡೆಯನನ್ನೇ ಸೋಮವಾರಕ್ಕೆ ತಳ್ಳಿದ್ದೆವು. ಬೇರೆಯವರ 'ನಾಳೆ'ಯನ್ನು ಪ್ರಶ್ನಿಸುವ ಮುನ್ನ ಈ ಮಾತನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿತು.

ಒಳ್ಳೆಯ ಕೆಲಸಗಳೇ ನೆಪವಾದಾಗ

ಅಂದು ನಾವು ಮಾಡುತ್ತಿದ್ದುದು ಕೆಟ್ಟ ಕೆಲಸವೇನೂ ಆಗಿರಲಿಲ್ಲ. ಅಪಾಯ ಇರುವುದೇ ಅಲ್ಲಿ. ಲೂಕರ ಶುಭಸಂದೇಶದ ಔತಣದ ಸಾಮತಿಯಲ್ಲಿ (14:16-24) ಬರಲಾರೆವೆಂದವರ ಕಾರಣಗಳನ್ನು ನೋಡಿ. ಒಬ್ಬನು ಹೊಲ ಕೊಂಡಿದ್ದ, ಒಬ್ಬನು ಐದು ಜೊತೆ ಎತ್ತು ಕೊಂಡಿದ್ದ, ಇನ್ನೊಬ್ಬನಿಗೆ ಆಗಷ್ಟೇ ಮದುವೆಯಾಗಿತ್ತು. ಇವುಗಳಲ್ಲಿ ಪಾಪ ಯಾವುದು? ಹೊಲ, ಎತ್ತು, ಸಂಸಾರ ಎಲ್ಲವೂ ದೇವರು ಕೊಟ್ಟವೇ. ಆದರೂ ಊಟದ ಮನೆಯಲ್ಲಿ ಅವರ ಜಾಗ ಬೇರೆಯವರಿಗೆ ಹೋಯಿತು.

ಪ್ರೇಷಿತರ ಕಾರ್ಯಕಲಾಪಗಳ 24ನೇ ಅಧ್ಯಾಯದಲ್ಲಿ ರಾಜ್ಯಪಾಲ ಫೆಲಿಕ್ಸನ ಪ್ರಸಂಗವಿದೆ. ಸೆರೆಯಲ್ಲಿದ್ದ ಪೌಲರನ್ನು ಕರೆಸಿ ಅವನು ಮಾತು ಕೇಳಿದ. ನ್ಯಾಯ, ಸಂಯಮ, ಬರಲಿರುವ ತೀರ್ಪು ಇವುಗಳ ಬಗ್ಗೆ ಕೇಳಿ ಅವನಿಗೆ ಭಯವಾಯಿತು. ಸದ್ಯಕ್ಕೆ ಹೋಗು, ಬಿಡುವಾದಾಗ ಕರೆಸುತ್ತೇನೆ ಎಂದ. ಆಮೇಲೆ ಹಲವು ಸಲ ಕರೆಸಿದ್ದೂ ಉಂಟು, ಆದರೆ ಲಂಚದ ಆಸೆಯಿಂದ. ಎರಡು ವರ್ಷ ಕಳೆದು ಅವನು ಅಧಿಕಾರ ಬಿಟ್ಟಾಗ ಪೌಲರು ಇನ್ನೂ ಸೆರೆಯಲ್ಲೇ ಇದ್ದರು. ಮೊದಲ ದಿನ ನಡುಗಿದ ಹೃದಯ ಮತ್ತೆ ನಡುಗಿದ್ದನ್ನು ಶ್ರೀಗ್ರಂಥ ಹೇಳುವುದಿಲ್ಲ. ಕರೆಯನ್ನು ಮುಂದೂಡಿದಷ್ಟೂ ಕಿವಿ ಮಂದವಾಗುತ್ತದೆ.

ಜಕ್ಕಾಯನನ್ನು ಇವನ ಪಕ್ಕದಲ್ಲಿಟ್ಟು ನೋಡೋಣ (ಲೂಕ 19). ಇಂದೇ ನಿನ್ನ ಮನೆಗೆ ಬರಬೇಕೆಂದು ಪ್ರಭು ಹೇಳಿದಾಗ ಅವನು ಬೇಗನೆ ಮರದಿಂದ ಇಳಿದ. ಮನೆ ಗುಡಿಸಿಲ್ಲ, ಲೆಕ್ಕಪತ್ರ ಸರಿಯಿಲ್ಲ ಎನ್ನಲಿಲ್ಲ. ಮೊದಲು ಪ್ರಭುವನ್ನು ಬರಮಾಡಿಕೊಂಡ. ಲೆಕ್ಕಪತ್ರಗಳು ಆಮೇಲೆ ತಾವಾಗಿಯೇ ಸರಿಯಾದವು.

ನಮ್ಮ ಮನೆಗಳಲ್ಲಿ

ಹಾಗಾದರೆ ನಮ್ಮ ಮನೆಗಳಲ್ಲಿ ಈ 'ನಾಳೆ ಬಾ' ಎಲ್ಲೆಲ್ಲಿ ಬರೆದಿದೆ?

ಮೊದಲನೆಯದು, ಮಕ್ಕಳ ದೀಕ್ಷಾಸ್ನಾನ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಗುವಿಗೆ ದೀಕ್ಷಾಸ್ನಾನ ಕೊಡಿಸುವುದು ತಂದೆತಾಯಿಯರ ಕರ್ತವ್ಯವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ (867) ಹೇಳುತ್ತದೆ. ನಾವು ಹಾಲ್ ಸಿಗಲಿ, ಗಲ್ಫಿನಿಂದ ಚಿಕ್ಕಪ್ಪ ಬರಲಿ ಎಂದು ಕಾಯುತ್ತೇವೆ. ಚಿಕ್ಕಪ್ಪ ಬಂದಾಗ ಔತಣ ಮಾಡೋಣ. ಸಂಸ್ಕಾರ ಕಾಯುವುದು ಬೇಡ.

ಎರಡನೆಯದು, ಪಾಪನಿವೇದನೆ ಮತ್ತು ರಾಜಿ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭು ಕಲಿಸಿದ್ದಾರೆ (ಮತ್ತಾಯ 5:23-24). 'ಮೊದಲು' ಎಂಬ ಪದವನ್ನು ಗಮನಿಸಿ. ಆ ಅಣ್ಣತಮ್ಮಂದಿರು ಮಾತಾಡದೆ ಕಳೆದ ವರ್ಷಗಳನ್ನು ಸಮಾಧಿಯ ಬಳಿ ಯಾರೂ ಮರಳಿ ಕೊಡಲಾಗಲಿಲ್ಲ.

ಮೂರನೆಯದು, ರೋಗಿಗಳ ಅಭ್ಯಂಗ. ಸ್ವಾಮಿಗಳು ಎಣ್ಣೆ ತೆಗೆದುಕೊಂಡು ಬಂದರೆ ಸಾವು ಬಂದಂತೆ ಎಂಬ ಹೆದರಿಕೆ ಇನ್ನೂ ಇದೆ. ಇದು ಸಾಯುವ ಗಳಿಗೆಯವರಿಗೆ ಮಾತ್ರ ಇರುವ ಸಂಸ್ಕಾರವಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ಗಂಭೀರ ಕಾಯಿಲೆಯಾದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ, ವೃದ್ಧಾಪ್ಯದಲ್ಲಿ ಬಲ ಕುಂದಿದಾಗ ಇದನ್ನು ಪಡೆಯಬಹುದು. ರೋಗಿಗೆ ಪ್ರಜ್ಞೆ ಇರುವಾಗಲೇ, ತಾನೂ ಸೇರಿ ಪ್ರಾರ್ಥಿಸಬಲ್ಲವನಾಗಿರುವಾಗಲೇ ನಮಗೆ ಹೇಳಿಕಳುಹಿಸಿ. ನಾವೂ ಸೋಮವಾರ ಎನ್ನುವುದಿಲ್ಲ.

ನಾಲ್ಕನೆಯದು, ಮನೆಯ ಪ್ರಾರ್ಥನೆ. ದಿನವಿಡೀ ದುಡಿದು ಬರುವವರಿಗೆ ಸಮಯವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಗಂಟೆಗಟ್ಟಲೆ ಮೊಣಕಾಲೂರಿ ಎಂದು ಯಾರೂ ಕೇಳುತ್ತಿಲ್ಲ. ದೇವರಿಗೆ ಮೊದಲ ಸ್ಥಾನ ಎಂದರೆ ಹೆಚ್ಚು ಹೊತ್ತು ಎಂದಲ್ಲ, ಉಳಿದ ಹೊತ್ತನ್ನು ಕೊಡದಿರುವುದು ಎಂದು. ಧಾರಾವಾಹಿ ಮುಗಿದ ಮೇಲೆ, ಮೊಬೈಲ್ ನೋಡಿ ಕಣ್ಣು ಮುಚ್ಚುವಾಗ ಉಳಿಯುವ ಹೊತ್ತು ದೇವರಿಗೆ ಸಲ್ಲುವುದಿಲ್ಲ. ಅದು ನಿದ್ರೆಗೆ ಸಲ್ಲುತ್ತದೆ. ಊಟಕ್ಕೆ ಕೂರುವ ಮುನ್ನ ಎಲ್ಲರೂ ಸೇರಿ ಜಪಸರದ ಒಂದು ರಹಸ್ಯ, ಶುಭಸಂದೇಶದ ಐದು ವಾಕ್ಯ. ಹತ್ತು ನಿಮಿಷ ಸಾಕು. ಆದರೆ ಇಂದು ರಾತ್ರಿಯೇ.

ಧ್ವಜ ಏರುವ ಮುನ್ನ

ಸಂತ ಅಗಸ್ಟೀನರ ಹಬ್ಬದ ಮರುದಿನವೇ, ಆಗಸ್ಟ್ 29ರಂದು, ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ಬಸಿಲಿಕದಲ್ಲಿ ಧ್ವಜ ಏರುತ್ತದೆ. ಕರಾವಳಿಯ ದೇವಾಲಯಗಳಲ್ಲಿ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರ ಮಾತೆಯ ಜನನದ ಹಬ್ಬಕ್ಕೆ ನಾವೆಲ್ಲ ಸಿದ್ಧರಾಗುತ್ತೇವೆ. ಕಾವಿ ಸೀರೆ, ಹೊಸ ಬಟ್ಟೆ, ನೆಂಟರಿಗೆ ಕರೆ, ಹೊಸ ತೆನೆಯ ಊಟ ಎಲ್ಲವೂ ಆಗಲಿ. ಆ ತಾಯಿಯಾದರೋ, ದೇವದೂತರು ತಂದ ಕರೆಗೆ ಒಪ್ಪಿಗೆ ಕೊಡಲು ನಾಳೆಯವರೆಗೆ ಕಾಯಿಸಲಿಲ್ಲ. ಬಂಧು ಎಲಿಜಬೇತಳ ಮನೆಗೆ ತ್ವರೆಯಾಗಿ ಹೊರಟರೆಂದು ಲೂಕರು ಬರೆಯುತ್ತಾರೆ. ಮಾತೆಗೆ ಕೊಡುವ ಮೊದಲ ಹೂ ನಮ್ಮ ಪಾಪನಿವೇದನೆಯಾಗಲಿ. ಎರಡನೆಯದು, ಮಾತು ಬಿಟ್ಟವರಿಗೆ ಇಂದೇ ಮಾಡುವ ಒಂದು ಫೋನ್ ಕರೆಯಾಗಲಿ.

ಮಕ್ಕಳು ದೇವರಿಂದ ದೂರವಾದರೆಂದು ಅಳುವ ತಾಯಂದಿರೇ, ಮೋನಿಕಾ ನಿಮ್ಮ ಜೊತೆಗಿದ್ದಾರೆ, ಪ್ರಾರ್ಥನೆ ನಿಲ್ಲಿಸಬೇಡಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುವ ಯುವಜನರೇ, ಅಗಸ್ಟೀನರು ನಿಮ್ಮನ್ನು ಬಲ್ಲರು, ಎದ್ದು ಬನ್ನಿ. ಬಾಗಿಲ ಮೇಲಿನ ಆ ಎರಡು ಪದಗಳನ್ನು ಇಂದು ನಾವೆಲ್ಲರೂ ಅಳಿಸೋಣ. ತಟ್ಟುತ್ತಿರುವವರು ದೆವ್ವವಲ್ಲ, ನಮ್ಮೊಡನೆ ಊಟಕ್ಕೆ ಕೂರಲು ಬಂದಿರುವ ಪ್ರಭು.

ಅವರ ಕೃಪೆ ನಿಮ್ಮ ಕುಟುಂಬಗಳ ಮೇಲೆ ಸದಾ ಇರಲಿ. ಆಮೆನ್.